ಮೆಂತಿ ಹೊಲಿಗೆ: ಕೈಯಿಂದ ಕೈಗೆ ದಾಟಿದ ಒಂದು ಚರಿತ್ರೆ



ನಮ್ಮ ವಲಾಂಡಿಯ ಒಂದು ಕಡೆ ಉದಗೀರ, ನಿಲಂಗಾ; ಇನ್ನೊಂದು ಕಡೆ ಭಾಲ್ಕಿ, ಬೀದರ. ಸಂತೆಯಲ್ಲಿ ಮರಾಠಿ ಮಾತಾಡಿದವರು ಮನೆಗೆ ಬಂದು ಒಲೆ ಮುಂದೆ ಕೂತರೆ ಕನ್ನಡ ಮಾತಾಡುವುದು ಈ ಭಾಗಕ್ಕೆ ಹೊಸದಲ್ಲ. 1956ರ ನವೆಂಬರ್ 1ಕ್ಕಿಂತ ಮೊದಲು ಉದಗೀರ, ನಿಲಂಗಾ ಮತ್ತು ಅಹಮದಪುರ ತಾಲ್ಲೂಕುಗಳು ಹೈದರಾಬಾದ್ ರಾಜ್ಯದ ಬೀದರ ಜಿಲ್ಲೆಗೆ ಸೇರಿದ್ದವು. ರಾಜ್ಯಗಳ ಪುನರ್ವಿಂಗಡಣೆಯಾದಾಗ ಈ ಮೂರು ತಾಲ್ಲೂಕುಗಳು ಮುಂಬಯಿ ರಾಜ್ಯಕ್ಕೆ ಹೋದವು. 1960ರಲ್ಲಿ ಮಹಾರಾಷ್ಟ್ರವಾಯಿತು, 1982ರಲ್ಲಿ ಲಾತೂರ ಜಿಲ್ಲೆಯಾಯಿತು. ಹೀಗೆ ಊರು ಇದ್ದಲ್ಲೇ ಇತ್ತು, ವಿಳಾಸ ಮಾತ್ರ ಬದಲಾಗುತ್ತಾ ಬಂತು.

ಆದರೆ ಮನೆಯೊಳಗಿನ ಒಂದು ವಸ್ತು ಈ ಗೆರೆಗಳನ್ನು ಕೇಳಲೇ ಇಲ್ಲ. ಹಳೆಯ ಸೀರೆ, ಧೋತರ, ಕುಪ್ಪಸದ ತುಂಡುಗಳನ್ನು ಪದರು ಪದರಾಗಿ ಹಾಸಿ, ಸಾಲು ಸಾಲಾಗಿ ಹೊಲಿದ ಹೊದಿಕೆಯನ್ನು ಕನ್ನಡದ ಅಜ್ಜಿ ಕೌದಿ ಅನ್ನುತ್ತಾಳೆ, ಮರಾಠಿಯ ಆಜಿ ಗೋಧಡಿ ಅನ್ನುತ್ತಾಳೆ. ಹೆಸರು ಎರಡು, ಸೂಜಿ ಹೋಗುವ ದಾರಿ ಒಂದೇ. ಸರಕಾರ ಗಡಿ ಎಳೆದರೆ ಕೈಕೆಲಸ ನಿಲ್ಲುವುದಿಲ್ಲ. ಆದರೆ ಒಂದೇ ಒಂದು ತಲೆಮಾರು ಮುಂದಿನವರಿಗೆ ಕಲಿಸುವುದನ್ನು ಬಿಟ್ಟರೆ ಅದು ನಿಂತುಹೋಗುತ್ತದೆ. ಇಂದು ನಿಮ್ಮೊಂದಿಗೆ ಹಂಚಿಕೊಳ್ಳಬೇಕೆಂದಿರುವುದು ಇದನ್ನೇ, ಅದೂ ತೀರ ಸರಳವಾದ ಒಂದು ಹೊಲಿಗೆಯ ಮೂಲಕ.

ಕ್ರಾಸ್ ಸ್ಟಿಚ್‌ಗೆ ನಮ್ಮ ಹೆಸರು

ಎರಡು ಓರೆ ಗೆರೆ ಒಂದರ ಮೇಲೊಂದು ದಾಟಿದರೆ ಕ್ರಾಸ್ ಸ್ಟಿಚ್. ಮ್ಯಾಟಿ ಬಟ್ಟೆಯ ಮೇಲೆ ಬಣ್ಣದ ದಾರದಲ್ಲಿ ಹಾಕಿದ ಗಿಳಿ, ಗುಲಾಬಿ, 'ಸುಸ್ವಾಗತ' ಅನ್ನುವ ಅಕ್ಷರಗಳು ಅನೇಕ ಮನೆಗಳ ಗೋಡೆಯ ಮೇಲೆ ಇವೆ. ಇದು ಇಂಗ್ಲಿಷ್ ಶಾಲೆಯಿಂದ ಬಂದ ಕಲೆ ಎಂದು ಹಲವರು ತಿಳಿದಿದ್ದಾರೆ. ಆದರೆ ಇದೇ ಹೊಲಿಗೆಗೆ ಕನ್ನಡದಲ್ಲಿ ಬೇರೆಯೇ ಹೆಸರಿದೆ: ಮೆಂತಿ. ಮೆಂತ್ಯದ ಕಾಳು ಸಾಲಾಗಿ ಇಟ್ಟಂತೆ ಕಾಣುವುದರಿಂದ ಆ ಹೆಸರು.

ಧಾರವಾಡ ಭಾಗದ ಕಸೂತಿಯಲ್ಲಿ ನಾಲ್ಕು ಬಗೆಯ ಹೊಲಿಗೆಗಳಿವೆ. ಗಾವಂತಿ ಗೆರೆಯ ಹೊಲಿಗೆ; ಹೋಗುವಾಗ ಒಂದು ಬಿಟ್ಟು ಒಂದು ಹಾಕಿ, ಬರುವಾಗ ಬಿಟ್ಟ ಜಾಗ ತುಂಬುತ್ತಾರೆ. ಮುರ್ಗಿ ಮೆಟ್ಟಿಲು ಹತ್ತಿದಂತೆ ಸಾಗುತ್ತದೆ. ನೇಗಿ ನೇಯ್ಗೆಯಂತೆ ಕಾಣುತ್ತದೆ. ನಾಲ್ಕನೆಯದೇ ಮೆಂತಿ. ಗಾವಂತಿ ಮತ್ತು ಮುರ್ಗಿ ಹೊಲಿಗೆಯಲ್ಲಿ ಬಟ್ಟೆಯ ಮುಂಭಾಗ ಹಿಂಭಾಗ ಎರಡೂ ಒಂದೇ ತೆರನಾಗಿರಬೇಕು. ದಾರಕ್ಕೆ ಗಂಟು ಹಾಕುವಂತಿಲ್ಲ. ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು ಅನ್ನುವುದು ನೋಡುವವರಿಗೆ ತಿಳಿಯಬಾರದು.

ಇನ್ನೂ ಒಂದು ವಿಶೇಷವಿದೆ. ಕಸೂತಿ ಹಾಕುವವರು ಬಟ್ಟೆಯ ಮೇಲೆ ಪೆನ್ಸಿಲಿನಿಂದ ಚಿತ್ರ ಬರೆದುಕೊಳ್ಳುವುದಿಲ್ಲ. ಬಟ್ಟೆಯ ಎಳೆಗಳನ್ನು ಎಣಿಸಿಯೇ ಸೂಜಿ ಹಾಕುತ್ತಾರೆ. ಆನೆ, ನವಿಲು, ತೇರು, ಗೋಪುರ, ತೊಟ್ಟಿಲು ಎಲ್ಲವೂ ಎಣಿಕೆಯಲ್ಲೇ ಮೂಡುತ್ತವೆ. ಮದುಮಗಳಿಗೆ ಕೊಡುವ ಕಪ್ಪು ಚಂದ್ರಕಾಳಿ ಸೀರೆಯ ಮೇಲೆ ಈ ಚಿತ್ರಗಳು ಅರಳುತ್ತಿದ್ದವು. ಹಾಗಾದರೆ ಆ ಲೆಕ್ಕ ಎಲ್ಲಿತ್ತು? ತಾಯಿಯ ತಲೆಯಲ್ಲಿತ್ತು, ಬೆರಳಲ್ಲಿತ್ತು. ಮಗಳು ಪಕ್ಕದಲ್ಲಿ ಕೂತು ನೋಡಿ, ತಪ್ಪು ಹಾಕಿ, ಬಿಚ್ಚಿ, ಮತ್ತೆ ಹಾಕಿ ಅದನ್ನು ತನ್ನದು ಮಾಡಿಕೊಳ್ಳುತ್ತಿದ್ದಳು.

ಬೀದರ ಕೋಟೆಯ ಕಲ್ಲು, ಉದಗೀರ ಕೋಟೆಯ ಕಲ್ಲು ಇಂದಿಗೂ ನಿಂತಿವೆ. ಬಟ್ಟೆಗೆ ಆ ಆಯುಷ್ಯವಿಲ್ಲ. ಉಟ್ಟು, ಒಗೆದು, ಹರಿದು, ಕೊನೆಗೆ ಅದು ಕೌದಿಯ ಒಳಪದರು ಸೇರುತ್ತದೆ. ಆದ್ದರಿಂದ ಹೊಲಿಗೆಯ ಚರಿತ್ರೆ ಬಟ್ಟೆಯಲ್ಲಿ ಉಳಿದು ಬಂದದ್ದು ಕಡಿಮೆ, ಕಲಿಸಿದವರಿಂದ ಉಳಿದು ಬಂದದ್ದು ಹೆಚ್ಚು.

ಬಟ್ಟೆಯೇ ನೋಟ್‌ಬುಕ್ಕಾಗಿದ್ದ ಕಾಲ

ಬೇರೆ ದೇಶಗಳಲ್ಲೂ ಇದೇ ಕಥೆ. ಮಾದರಿಗಳ ಪುಸ್ತಕ ಸುಲಭವಾಗಿ ಸಿಗದಿದ್ದ ಕಾಲದಲ್ಲಿ ಯುರೋಪಿನ ಹೆಂಗಸರು ತಾವು ಕಲಿತ ಹೊಲಿಗೆಗಳನ್ನೆಲ್ಲ ಒಂದು ಬಟ್ಟೆಯ ಮೇಲೆ ಹಾಕಿಟ್ಟುಕೊಳ್ಳುತ್ತಿದ್ದರು. ಅದಕ್ಕೆ ಸ್ಯಾಂಪ್ಲರ್ ಎಂದು ಹೆಸರು. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಜೇನ್ ಬೊಸ್ಟಾಕ್ ಎಂಬಾಕೆ 1598ರಲ್ಲಿ ಹೊಲಿದ ಸ್ಯಾಂಪ್ಲರ್ ಇದೆ. ಆಲಿಸ್ ಲೀ ಎಂಬ ಮಗುವಿನ ಜನನದ ನೆನಪನ್ನೂ ಆಕೆ ಅದರಲ್ಲಿ ಹೊಲಿದಿದ್ದಾಳೆ. ನಾನೂರು ವರ್ಷ ದಾಟಿದರೂ ಆ ಮಗುವಿನ ಹೆಸರು ದಾರದಲ್ಲಿ ಉಳಿದಿದೆ.

ಮುಂದೆ ಶಾಲೆಗಳಲ್ಲಿ ಹೆಣ್ಣುಮಕ್ಕಳು ಕ್ರಾಸ್ ಸ್ಟಿಚ್‌ನಲ್ಲಿ ಅಕ್ಷರಮಾಲೆ ಹೊಲಿಯುವ ರೂಢಿ ಬಂತು. ಅಕ್ಷರವೂ ಬಂತು, ಸೂಜಿಯೂ ಬಂತು. ಮಿಷನರಿಗಳು ಭಾರತದಲ್ಲಿ ತೆರೆದ ಹೆಣ್ಣುಮಕ್ಕಳ ಶಾಲೆಗಳಿಗೂ ಇದೇ ರೂಢಿ ದಾಟಿತು. ಓದು ಬರಹದ ಜೊತೆ ಹೊಲಿಗೆಯ ಪಾಠವೂ ಸೇರಿತು. ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ ಬಂತು. ಮೆಂತಿ ಹೊಲಿಗೆಯ ನಾಡಿಗೇ ಕ್ರಾಸ್ ಸ್ಟಿಚ್‌ನ ಜನ ಬಂದಂತಾಯಿತು.

ಇಲ್ಲಿ ನಾವು ಪ್ರಾಮಾಣಿಕವಾಗಿ ಒಂದು ಮಾತು ಹೇಳಬೇಕು. ಗಂಡುಮಕ್ಕಳಿಗೆ ಗಣಿತ, ಹೆಣ್ಣುಮಕ್ಕಳಿಗೆ ಸೂಜಿ ಎಂದು ಭಾಗ ಮಾಡಿದ ಶಾಲೆಗಳೂ ಇದ್ದವು. 'ಹೊಲಿಗೆ ಬಂದರೆ ಸಾಕು' ಎಂಬ ಮಾತಿನ ಹಿಂದೆ ಎಷ್ಟೋ ಹುಡುಗಿಯರ ಓದು ನಿಂತುಹೋಗಿದೆ. ಕೈಕೆಲಸವನ್ನು ಪ್ರೀತಿಸುವವರು ಇದನ್ನು ಮರೆಯಬಾರದು. ಕಲಿಯುವುದು ಸಂತೋಷವಾಗಬೇಕೇ ಹೊರತು ಬೇಲಿಯಾಗಬಾರದು.

ಕನ್ನಡ ನೆಲದಲ್ಲಿ ಹುಟ್ಟಿದ ರಮಾಬಾಯಿ

ಸೂಜಿಯನ್ನೂ ಪುಸ್ತಕವನ್ನೂ ಒಟ್ಟಿಗೆ ಕೈಗಿತ್ತವರೊಬ್ಬರು ನಮ್ಮ ಗಡಿಭಾಗದವರಿಗೆ ವಿಶೇಷವಾಗಿ ಹತ್ತಿರದವರು. ಪಂಡಿತಾ ರಮಾಬಾಯಿ 1858ರಲ್ಲಿ ಕಾರ್ಕಳದ ಕಡೆಯ ಗಂಗಾಮೂಲದಲ್ಲಿ ಮರಾಠಿ ಕುಟುಂಬದಲ್ಲಿ ಹುಟ್ಟಿದರು. ತಂದೆ ಅನಂತಶಾಸ್ತ್ರಿ ಡೋಂಗ್ರೆ ಊರವರ ವಿರೋಧಕ್ಕೆ ಅಂಜದೆ ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದ್ದರು. ಆ ತಾಯಿ ಮಗಳಿಗೆ ಕಲಿಸಿದರು. ಒಬ್ಬ ಹೆಂಗಸಿಗೆ ಕಲಿಸಿದ್ದು ಅಲ್ಲಿಗೇ ನಿಲ್ಲುವುದಿಲ್ಲ ಅನ್ನುವುದಕ್ಕೆ ರಮಾಬಾಯಿಯವರ ಬದುಕೇ ಸಾಕ್ಷಿ.

1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದ ಅವರು 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದರು. 1896-97ರ ಭೀಕರ ಬರಗಾಲದಲ್ಲಿ ದಿಕ್ಕಿಲ್ಲದ ನೂರಾರು ಹುಡುಗಿಯರನ್ನು ಕರೆತಂದು ಪುಣೆಯ ಹತ್ತಿರದ ಕೇಡಗಾಂವ್‌ನಲ್ಲಿ ಮುಕ್ತಿ ಎಂಬ ಆಶ್ರಯವನ್ನು ಕಟ್ಟಿದರು. ಅಲ್ಲಿ ಓದು ಮಾತ್ರವಲ್ಲ, ನೇಯ್ಗೆ, ಹೊಲಿಗೆ, ಕಸೂತಿ, ತೋಟದ ಕೆಲಸ, ಮುದ್ರಣಾಲಯದ ಕೆಲಸ ಎಲ್ಲವನ್ನೂ ಹೆಣ್ಣುಮಕ್ಕಳಿಗೆ ಕಲಿಸಲಾಯಿತು. ಬರಗಾಲದಲ್ಲಿ ಮನೆ ಕಳೆದುಕೊಂಡವಳಿಗೆ ಕೈಯಲ್ಲಿರುವ ವಿದ್ಯೆ ಎಂದರೆ ರೊಟ್ಟಿ. ಯಾರ ಮುಂದೆಯೂ ಕೈಚಾಚದೆ ಬದುಕುವ ಮರ್ಯಾದೆ. 1912ರಲ್ಲಿ ರಮಾಬಾಯಿ ನಮ್ಮ ಪಕ್ಕದ ಕಲಬುರಗಿಯಲ್ಲೂ ಶಾಲೆ ತೆರೆದರು. ಅದರ ಹೊಣೆ ಹೊತ್ತವರು ಅವರ ಮಗಳು ಮನೋರಮಾ. ಇಲ್ಲಿಯೂ ತಾಯಿಯಿಂದ ಮಗಳಿಗೆ ದಾಟಿದ ಕೆಲಸವನ್ನು ಗಮನಿಸಿ.

ಇಂದು ಉಳಿಸಿಕೊಂಡವರು

ಯಂತ್ರದ ಕಸೂತಿ ಅಗ್ಗವಾಗಿ ಸಿಗುವ ಈ ಕಾಲದಲ್ಲೂ ಕೈಕೆಲಸವನ್ನು ಬಿಡದವರಿದ್ದಾರೆ. ಬಳ್ಳಾರಿ ಜಿಲ್ಲೆಯ ಸಂಡೂರು ಕುಶಲ ಕಲಾ ಕೇಂದ್ರದ ಲಂಬಾಣಿ ತಾಯಂದಿರ ಕೆಲಸ 2023ರಲ್ಲಿ ಹಂಪಿಯಲ್ಲಿ ಜಿ-20 ಸಭೆ ನಡೆದಾಗ ಲೋಕಕ್ಕೆ ಕಂಡಿತು. ಅಲ್ಲಿ ಒಟ್ಟಿಗೆ ಪ್ರದರ್ಶಿಸಿದ 1,755 ಲಂಬಾಣಿ ವಸ್ತುಗಳು ಗಿನ್ನೆಸ್ ದಾಖಲೆ ಸೇರಿದವು. ನಮ್ಮ ಸುತ್ತಲಿನ ತಾಂಡಾಗಳಲ್ಲೂ ಅದೇ ಬಂಜಾರ ಜನಾಂಗದ ಅಜ್ಜಿಯರು ಇದ್ದಾರೆ ಅನ್ನುವುದನ್ನು ನೆನಪಿಡೋಣ.

ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಡೆ ಸಿದ್ದಿ ಜನಾಂಗದ ಹೆಂಗಸರು ಹೊಲಿಯುವ ಕವಂದಿ ನಮ್ಮ ಕೌದಿಯ ತಂಗಿಯಿದ್ದಂತೆ. ಅಂಚಿನಿಂದ ಹೊಲಿಗೆ ಹಿಡಿದು ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗಳಿಗೆ 'ಫೂಲ' ಎಂಬ ಮಡಚಿದ ಬಟ್ಟೆಯ ಹೂ ಇಡುತ್ತಾರೆ. ಫೂಲ ಇಲ್ಲದ ಕವಂದಿ ಬೆತ್ತಲೆ ಇದ್ದಂತೆ ಎಂದು ಅವರ ನಂಬಿಕೆ. ಸಿದ್ದಿಗಳಲ್ಲಿ ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ಮೂರೂ ಇದ್ದಾರೆ. ಕವಂದಿ ಮಾತ್ರ ಎಲ್ಲರದ್ದು.

ಕಲಿಸುವುದೂ ಒಂದು ವರದಾನ

ವಿಮೋಚನಕಾಂಡದ 35ನೇ ಅಧ್ಯಾಯವನ್ನು ಬಿಡುವಾದಾಗ ಓದಿ. ದೇವದರ್ಶನದ ಗುಡಾರ ಕಟ್ಟುವ ಸಮಯದಲ್ಲಿ ಜಾಣ ಹೆಂಗಸರು ತಮ್ಮ ಕೈಯಿಂದಲೇ ನೂಲು ತೆಗೆದು ತಂದರು ಎಂದು ಅಲ್ಲಿದೆ. ಬೆಚಲೇಲ, ಒಹೋಲೀಯಾಬ ಎಂಬ ಇಬ್ಬರು ಕುಶಲಕರ್ಮಿಗಳ ಹೆಸರೂ ಇದೆ. ದೇವರು ಅವರಿಗೆ ಕೆತ್ತುವ, ನೇಯುವ, ಕಸೂತಿ ಹಾಕುವ ಜಾಣ್ಮೆ ಕೊಟ್ಟದ್ದಲ್ಲದೆ, ಇತರರಿಗೆ ಕಲಿಸುವ ಮನಸ್ಸನ್ನೂ ಕೊಟ್ಟರು. ಈ ಕೊನೆಯ ಮಾತನ್ನು ನಾವು ಹೆಚ್ಚಾಗಿ ಗಮನಿಸುವುದಿಲ್ಲ. ಕೆಲಸ ಬಲ್ಲವರು ಬಹಳ, ಕಲಿಸುವ ತಾಳ್ಮೆ ಇರುವವರು ಕಡಿಮೆ. ಹಾಗೆಯೇ ಪ್ರೇಷಿತರ ಕಾರ್ಯಕಲಾಪಗಳ 9ನೇ ಅಧ್ಯಾಯದಲ್ಲಿ ಯೊಪ್ಪದ ದೊರ್ಕಳು ತೀರಿಕೊಂಡಾಗ ವಿಧವೆಯರು ಪೇತ್ರನಿಗೆ ತೋರಿಸಿದ್ದು ಆಕೆ ಹೊಲಿದುಕೊಟ್ಟ ಉಡುಪುಗಳನ್ನೇ. ಆಕೆಯ ಪ್ರೀತಿ ಅವರ ಮೈಮೇಲೆ ಇತ್ತು.

ಶುರು ಮಾಡುವುದು ಹೇಗೆ?

ಮೆಂತಿ ಹೊಲಿಗೆ ಕಲಿಯಲು ದೊಡ್ಡ ಖರ್ಚಿಲ್ಲ. ಒಂದು ಅಂಗೈ ಅಗಲದ ಮ್ಯಾಟಿ ಬಟ್ಟೆ, ಮೊಂಡು ತುದಿಯ ಸೂಜಿ, ಎರಡು ಬಣ್ಣದ ದಾರ ಸಾಕು. 14 ಕೌಂಟಿನ ಬಟ್ಟೆಯಾದರೆ ಒಂದು ಇಂಚಿಗೆ 14 ಹೊಲಿಗೆ ಕೂರುತ್ತವೆ. 70 ಚೌಕದ ಚಿತ್ರ ಐದು ಇಂಚು ಆಗುತ್ತದೆ. ಬಟ್ಟೆಯನ್ನು ಎರಡು ಸಲ ಮಡಚಿ ನಡು ಕಂಡುಹಿಡಿದು ಅಲ್ಲಿಂದ ಆರಂಭಿಸಿ. ಮೇಲಿನ ಓರೆ ಗೆರೆಗಳೆಲ್ಲ ಒಂದೇ ದಿಕ್ಕಿಗೆ ಇರಲಿ. ಕೆಲಸದ ಅಂದ ಇರುವುದೇ ಅಲ್ಲಿ. ದಾರಕ್ಕೆ ಗಂಟು ಬೇಡ. ಬಾಲವನ್ನು ಹಿಂದೆ ಹಿಡಿದು, ಮೊದಲ ನಾಲ್ಕೈದು ಹೊಲಿಗೆಯ ಅಡಿಯಲ್ಲಿ ಸೇರಿಸಿಬಿಡಿ. ಎಣಿಕೆ ತಪ್ಪಿದರೆ ಬೇಸರ ಬೇಡ, ಬಿಚ್ಚಿ ಮತ್ತೆ ಹಾಕಿ. ಮೊಬೈಲ್ ಬದಿಗಿಟ್ಟು ಅರ್ಧ ಗಂಟೆ ಎಣಿಸುತ್ತಾ ಕೂತರೆ ಮನಸ್ಸು ಎಷ್ಟು ಹಗುರವಾಗುತ್ತದೆ ಎಂದು ನಿಮಗೇ ತಿಳಿಯುತ್ತದೆ.

ಇದು ಹುಡುಗಿಯರಿಗೆ ಮಾತ್ರ ಹೇಳಿದ್ದಲ್ಲ. ಬೆಚಲೇಲನೂ ಒಹೋಲೀಯಾಬನೂ ಗಂಡಸರೇ. ಈ ರಜೆಯಲ್ಲಿ ಪ್ರತಿಯೊಬ್ಬರೂ ನಿಮ್ಮ ಮನೆಯಲ್ಲೋ ಓಣಿಯಲ್ಲೋ ಕೌದಿ, ಕಸೂತಿ, ಕುಲಾಯಿ ಹೊಲಿಯಬಲ್ಲ ಒಬ್ಬ ಹಿರಿಯರನ್ನು ಹುಡುಕಿ. ಫೋಟೋ ತೆಗೆದುಕೊಂಡು ಬಂದರೆ ಸಾಲದು. ಅವರ ಪಕ್ಕದಲ್ಲಿ ಕೂತು ಒಂದು ಹೊಲಿಗೆಯನ್ನಾದರೂ ಕೈಗೆ ತಂದುಕೊಳ್ಳಿ, ಅದರ ಹೆಸರನ್ನು ಕನ್ನಡದಲ್ಲೂ ಮರಾಠಿಯಲ್ಲೂ ಕೇಳಿ ಬರೆದಿಡಿ. ಆಮೇಲೆ ನಿಮಗಿಂತ ಚಿಕ್ಕವರೊಬ್ಬರಿಗೆ ಅದನ್ನು ಕಲಿಸಿ. ಕಲಿತದ್ದು ಪೂರ್ತಿಯಾಗುವುದು ಆಗಲೇ. ಆ ಹಿರಿಯರ ಕಣ್ಣು ಇನ್ನೂ ಸೂಜಿಯ ದಾರ ಕಾಣುತ್ತಿರುವಾಗಲೇ ಹೋಗಿ.