ಅಲಗು ಅವರದು, ಹಿಡಿ ನಮ್ಮದು

ಮೂಡಿಗೆರೆಯಿಂದ ಕೊಟ್ಟಿಗೆಹಾರ ದಾಟಿ ಕಳಸದ ಕಡೆ ಹೋಗುವ ದಾರಿಯಲ್ಲಿ ನಮ್ಮ ಸ್ನೇಹಿತರೊಬ್ಬರ ಕಾಫಿ ತೋಟವಿದೆ. ಅವರ ಹಳೆಯ ಮನೆಯ ಜಗಲಿಯ ಗೋಡೆಗೆ ಒಂದು ಕತ್ತಿ ತೂಗುಹಾಕಿದ್ದಾರೆ. ಅದು ಯಾರದೆಂದು ಕೇಳಿದರೆ ಮನೆಯೊಳಗೇ ಮೂರು ಉತ್ತರಗಳು. ಅಜ್ಜಿಯ ಪ್ರಕಾರ ಅದು ಟಿಪ್ಪು ಸುಲ್ತಾನನದು. ಹಿರಿಯ ಮಗನ ಪ್ರಕಾರ ಇಂಗ್ಲಿಷರನ್ನು ಎದುರಿಸಿದ ಬಲಂ ಪಾಳೆಯಗಾರನದು. ಕಿರಿಯವನ ಪ್ರಕಾರ ತೋಟ ಮಾರಿ ಹೋದ ಯಾವುದೋ ಬಿಳಿ ದೊರೆಯದು. ಮೊದಲೆಲ್ಲ ಇದು ಊಟದ ನಂತರದ ಹರಟೆಯಾಗಿತ್ತು. ಈಗ ಹಾಗಿಲ್ಲ. ಟಿಪ್ಪುವಿನದಾದರೆ ಗೋಡೆಯಿಂದ ಇಳಿಸಿ ಎನ್ನುವವರು, ಪಾಳೆಯಗಾರನದಾದರೆ ಮೆರವಣಿಗೆಗೆ ಕೊಡಿ ಎನ್ನುವವರು ಮನೆ ಬಾಗಿಲಿಗೆ ಬರುತ್ತಿದ್ದಾರಂತೆ.

ಬೇಸತ್ತ ಸ್ನೇಹಿತರು ನಮಗೆ ಹೇಳಿ ಕಳಿಸಿದರು. "ನೀವು ಉರ್ದು ಓದಿದವರು. ಇದರ ಮೇಲೆ ಏನೋ ಅಕ್ಷರ ಇದೆ, ಓದಿ ಹೇಳಿ" ಎಂದರು. ಕತ್ತಿಯನ್ನು ಕಿಟಕಿಯ ಬೆಳಕಿಗೆ ಹಿಡಿದೆವು. ಅಲಗಿನ ಬೆನ್ನ ಮೇಲೆ, ಹಿಡಿಯ ಹತ್ತಿರ, ಸವೆದುಹೋದ ಬರಹವೊಂದಿತ್ತು. ಫಾರ್ಸಿಯಲ್ಲ, ಇಂಗ್ಲಿಷ್. 'ಗಿಲ್' ಎಂಬಷ್ಟು ಮಾತ್ರ ಓದಲಾಯಿತು.

ಗಿಲ್ ಎಂಬುದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಪಟ್ಟಣದ ಕತ್ತಿ ತಯಾರಕರ ಮನೆತನ. 1780ರ ದಶಕದಲ್ಲಿ ಈಸ್ಟ್ ಇಂಡಿಯಾ ಕಂಪೆನಿಗೆ 10,000 ಕತ್ತಿಗಳು ಬೇಕಾದಾಗ, ಜರ್ಮನಿಯ ಅಲಗೇ ಶ್ರೇಷ್ಠ ಎಂಬ ಮಾತು ಚಾಲ್ತಿಯಲ್ಲಿತ್ತು. ಪರೀಕ್ಷೆ ನಡೆಯಿತು. ಥಾಮಸ್ ಗಿಲ್ ಕೊಟ್ಟ 2,650 ಕತ್ತಿಗಳಲ್ಲಿ 4 ಮಾತ್ರ ತಿರಸ್ಕೃತವಾದವು. ಜರ್ಮನಿಯ 1,400ರಲ್ಲಿ 28.

ಆದರೆ ಹೆಸರೊಂದನ್ನೇ ನಂಬುವಂತಿಲ್ಲ. ಜರ್ಮನಿಯ ಸೋಲಿಂಗನ್ ಊರಿನ ಕಮ್ಮಾರರು ಪಸ್ಸೌ ಊರಿನ ಓಡುವ ತೋಳದ ಗುರುತನ್ನು ತಮ್ಮ ಅಲಗುಗಳಿಗೆ ಒತ್ತಿದರು. ಇಟಲಿಯ ಗುರುತುಗಳನ್ನು ನಮ್ಮ ದೇಶದ ಕಮ್ಮಾರರೂ ನಕಲು ಮಾಡಿದರು. ಆದ್ದರಿಂದ ಹೆಸರಿನ ಜೊತೆಗೆ ಆಕಾರವನ್ನೂ ನೋಡಬೇಕು. ಈ ಅಲಗು ಬಾಗಿದೆ, ಸುಮಾರು 33 ಅಂಗುಲ ಉದ್ದವಿದೆ, ಎರಡೂ ಬದಿಗೆ ಅಗಲವಾದ ಒಂದೊಂದು ತೋಡು ಇದೆ. ಎಲ್ಲಕ್ಕಿಂತ ಮುಖ್ಯವಾಗಿ, ತುದಿಯ ಕಡೆಗೆ ಅದು ಕಿರಿದಾಗುವ ಬದಲು ಅಗಲವಾಗುತ್ತದೆ. ಇದು ಬ್ರಿಟಿಷ್ ಲಘು ಅಶ್ವದಳಕ್ಕೆಂದು 1796ರಲ್ಲಿ ನಿಗದಿಯಾದ ಮಾದರಿ. ರೂಪಿಸಿದವನು ಲೆ ಮಾರ್ಶಾಂ ಎಂಬ ಸೇನಾಧಿಕಾರಿ.

ಹಿಡಿಯ ಕಡೆ ನೋಡಿದರೆ ಕತೆಯೇ ಬೇರೆ. ಆ ಮಾದರಿಗೆ ಬೆರಳುಗಳನ್ನು ಕಾಯುವ, ಕುದುರೆಯ ರಿಕಾಪಿನಂಥ ಕಬ್ಬಿಣದ ಬಳೆ ಇರಬೇಕು. ಇಲ್ಲಿರುವುದು ತಲೆಯಲ್ಲಿ ದುಂಡು ಬಿಲ್ಲೆಯುಳ್ಳ ಅಪ್ಪಟ ಹಿಂದೂಸ್ತಾನಿ ತಲವಾರಿನ ಹಿಡಿ. ಅಲಗಿನ ಬಾಲವನ್ನು ಗಿಡ್ಡಗೊಳಿಸಿ, ಟೊಳ್ಳು ಹಿಡಿಯೊಳಗೆ ಅರಗು ತುಂಬಿ ಕೂರಿಸಿದ್ದಾರೆ. ಒರೆ ಕಬ್ಬಿಣದ್ದಲ್ಲ, ತೊಗಲು ಸುತ್ತಿದ ಮರದ್ದು.

ಈಗ ಮೂರು ಉತ್ತರಗಳನ್ನು ತೂಗಿ ನೋಡೋಣ. ಟಿಪ್ಪು ಮಡಿದದ್ದು 1799ರ ಮೇ 4ರಂದು. ಮೂರು ವರ್ಷ ಮೊದಲಷ್ಟೇ ಹುಟ್ಟಿದ ಶತ್ರು ಸೇನೆಯ ಮಾದರಿ ಅವನ ಕೈ ಸೇರಿ ಹಿಡಿ ಬದಲಿಸಿಕೊಂಡಿತೆನ್ನುವುದು ಕಷ್ಟ. ಆರ್ಥರ್ ವೆಲ್ಲೆಸ್ಲಿ ಬಲಂ ಸೀಮೆಯ ಮೇಲೆ ದಂಡೆತ್ತಿ ಬಂದದ್ದು 1802ರಲ್ಲಿ. ಪಾಳೆಯಗಾರನಿಗೆ ಇಂಥ ಕತ್ತಿ ಸಿಕ್ಕಿರಬಹುದು. ಆದರೆ 'ಬಹುದು' ಸಾಕ್ಷಿಯಾಗುವುದಿಲ್ಲ. ಇನ್ನು ಚಿಕ್ಕಮಗಳೂರಿನ ಸುತ್ತ ಯುರೋಪಿಯನ್ನರು ಕಾಫಿ ಬೆಳೆಯಲು ಬಂದದ್ದು 1830ರ ನಂತರ. 1821ರಲ್ಲೇ ಈ ಮಾದರಿಯ ಜಾಗಕ್ಕೆ ಬೇರೆಯದು ಬಂದಿತ್ತು. ತಲವಾರಿನ ಹಿಡಿ ಬೇಕೆಂದವನು ದೊರೆಯಾಗಿರುವ ಸಂಭವವೂ ಕಡಿಮೆ.

ಹಾಗಾದರೆ ಯಾರದು? ಹೆಸರಿಲ್ಲದ ಯಾವನೋ ದೇಶಿ ಸವಾರನದು ಎನ್ನುವುದೇ ಹೆಚ್ಚು ಸರಿ. ಲೂಯಿ ನೋಲನ್ ಎಂಬ ಬ್ರಿಟಿಷ್ ಕ್ಯಾಪ್ಟನ್ 1853ರಲ್ಲಿ ಪ್ರಕಟಿಸಿದ ಅಶ್ವದಳದ ಪುಸ್ತಕದಲ್ಲಿ ಹೈದರಾಬಾದ್ ನಿಜಾಮನ ಸವಾರರ ವಿಷಯ ಬರುತ್ತದೆ. ಅವರ ಹೊಡೆತಕ್ಕೆ ಕೈಗಳೇ ಕತ್ತರಿಸಿ ಬಿದ್ದದ್ದನ್ನು ಕೇಳಿ ಆತ ಅವರ ಕತ್ತಿ ತರಿಸಿ ನೋಡಿದ. ಅವು ಇಂಗ್ಲಿಷ್ ಸೈನ್ಯ ಬೇಡವೆಂದು ಬಿಸಾಡಿದ ಅಲಗುಗಳು! ಇಂಗ್ಲಿಷರು ಕಬ್ಬಿಣದ ಒರೆಯಲ್ಲಿಟ್ಟು ಧಾರೆ ಕೆಡಿಸುತ್ತಿದ್ದರು. ನಿಜಾಮನ ಸವಾರರು ಹಿಡಿ ಬದಲಿಸಿ, ಮಸೆದು, ಮರದ ಒರೆಯಲ್ಲಿ ಇಟ್ಟಿದ್ದರು. ಕಾಳಗದಲ್ಲಿ ಹೊರತು ಹೊರಗೆ ತೆಗೆಯುತ್ತಿರಲಿಲ್ಲ. ನಮ್ಮ ಮುಂದಿದ್ದ ಕತ್ತಿಯೂ ಅದೇ ಜಾತಿಯದು.

ಪರದೇಶದ ಅಲಗಿಗೆ ನಮ್ಮ ಹಿಡಿ ಹಾಕುವುದು ಹೊಸ ರೂಢಿಯೂ ಅಲ್ಲ. ಪೋರ್ಚುಗೀಸರ ಕಾಲದಿಂದ ದಖ್ಖನಿನಲ್ಲಿ ಯುರೋಪಿನ ನೇರ ಅಲಗಿನ ಕತ್ತಿಗೆ 'ಫಿರಂಗಿ' ಎಂದೇ ಹೆಸರು. ಅದೇ ಶಬ್ದ ಕನ್ನಡದಲ್ಲಿ ತೋಪಿಗೂ ನಿಂತಿತು, ಹಿತ್ತಲಿನ ಪರಂಗಿ ಹಣ್ಣಿಗೂ ನಿಂತಿತು. ಅತ್ತ ಅರಬರು ಒಳ್ಳೆಯ ಕತ್ತಿಯನ್ನು 'ಮುಹನ್ನದ್' ಎಂದರು, ಅಂದರೆ ಹಿಂದ್ ದೇಶದ್ದು. 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ 'ವೂಟ್ಜ್' ಎಂಬ ಭಾರತೀಯ ಉಕ್ಕಿನ ಮೇಲೆ ಪ್ರಬಂಧ ಮಂಡನೆಯಾಯಿತು. ಆ ಪದದ ಮೂಲ ನಮ್ಮ ಕನ್ನಡದ 'ಉಕ್ಕು' ಎಂದೇ ಹಲವು ವಿದ್ವಾಂಸರ ಅಭಿಪ್ರಾಯ. ಅಂದರೆ ಅವರು ನಮ್ಮ ಲೋಹವನ್ನು ಮೆಚ್ಚಿದರು, ನಾವು ಅವರ ಅಲಗನ್ನು ಮೆಚ್ಚಿದೆವು. 2023ರ ಮೇ ತಿಂಗಳಲ್ಲಿ ಲಂಡನ್ನಿನಲ್ಲಿ ಸುಮಾರು 1 ಕೋಟಿ 40 ಲಕ್ಷ ಪೌಂಡಿಗೆ ಹರಾಜಾದ ಟಿಪ್ಪುವಿನ ಶಯನಗೃಹದ ಖಡ್ಗವೂ, ಹರಾಜು ಸಂಸ್ಥೆಯ ವಿವರಣೆಯಂತೆ, ಜರ್ಮನ್ ಅಲಗಿನ ಮಾದರಿಯಲ್ಲಿ ಇಲ್ಲಿನ ಕಮ್ಮಾರರು ಮಾಡಿದ್ದು.

ಇದನ್ನೆಲ್ಲ ಹೇಳಿದಾಗ ಅಜ್ಜಿಗೆ ಸ್ವಲ್ಪ ಬೇಸರವಾಯಿತು. "ಪ್ರತಿ ಆಯುಧಪೂಜೆಗೆ ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದೆ" ಎಂದರು. ಅಕ್ಷರಗಳು ಅಳಿದದ್ದು ಹೀಗೆ! ಇನ್ನು ಹುಣಸೆ, ಬೂದಿ, ಉಪ್ಪುಕಾಗದ ಯಾವುದೂ ಬೇಡವೆಂದೆವು. ಅಲಗನ್ನು ಬರಿಗೈಯಲ್ಲಿ ಮುಟ್ಟಬಾರದು, ಬೆವರು ತುಕ್ಕಾಗುತ್ತದೆ. ತೆಳುವಾಗಿ ಎಣ್ಣೆ ಸವರಿ, ಮಲೆನಾಡಿನ ಮಳೆಗಾಲದಲ್ಲಿ ಒರೆಯಿಂದ ಹೊರಗಿಡಬೇಕು. ತೊಗಲು ತೇವ ಹಿಡಿಯುತ್ತದೆ. ಮೂಲ ಹಿಡಿ ತರಿಸಿ 'ಸರಿಪಡಿಸುವ' ಉತ್ಸಾಹವೂ ಬೇಡ. ನೂರು ವರ್ಷ ದಾಟಿದ ಇಂಥ ವಸ್ತು 1972ರ ಕಾಯಿದೆಯ ಪ್ರಕಾರ ಪ್ರಾಚೀನ ವಸ್ತು. ಅದನ್ನು ಖಾಸಗಿಯವರು ದೇಶದಿಂದ ಹೊರಗೆ ಸಾಗಿಸುವಂತಿಲ್ಲ.

ಮೆರವಣಿಗೆಯವರು ಮತ್ತೆ ಬಂದರೆ ಏನೆನ್ನಲಿ ಎಂದು ಸ್ನೇಹಿತರು ಕೇಳಿದರು. ಅಲಗಿನ ಬೆನ್ನನ್ನೂ ಹಿಡಿಯನ್ನೂ ತೋರಿಸಿ, ಎರಡನ್ನೂ ಓದಿದ ಮೇಲೆ ಮಾತಾಡೋಣ ಎನ್ನಿ ಎಂದೆವು. ಅಜ್ಜಿ ಕಾಫಿ ತಂದಿಟ್ಟರು. ಯೆಮನ್‌ನಿಂದ ಬಾಬಾ ಬುಡನ್ ಏಳು ಬೀಜ ತಂದ ಕತೆಯನ್ನು ಅವರೇ ತೆಗೆದರು. ಅದು ಯಾರ ಕಾಫಿ ಎಂದು ಆ ಜಗಲಿಯಲ್ಲಿ ಯಾರೂ ಕೇಳಲಿಲ್ಲ.