ಮುಷ್ಟಿಯ ಬಲ, ಮನಸ್ಸಿನ ಬಲ

ಜುಮಾ ನಮಾಝ್ ಮುಗಿಸಿ ಮಸೀದಿಯಿಂದ ಹೊರಬರುವ ನಮ್ಮ ವಿಮಾನಪುರದ ಯುವಕರ ಮಾತಿನಲ್ಲಿ ಕ್ರಿಕೆಟ್ ಬಿಟ್ಟರೆ ಆಗಾಗ ಕೇಳಿಬರುವುದು ಬಾಕ್ಸಿಂಗ್. ಮುಹಮ್ಮದ್ ಅಲಿ ಮತ್ತು ಮೈಕ್ ಟೈಸನ್ ಒಂದೇ ಕಾಲದಲ್ಲಿ ಎದುರಾಗಿದ್ದರೆ ಗೆಲ್ಲುತ್ತಿದ್ದವರು ಯಾರು? ಹಿರಿಯರೆಲ್ಲ ಅಲಿಯವರ ಪರ. ಮೊಬೈಲಿನಲ್ಲಿ ಟೈಸನ್ ಹೊಡೆತಗಳನ್ನು ನೋಡಿ ಬೆಳೆದ ಹುಡುಗರು ಟೈಸನ್ ಪರ. ಈ ಚರ್ಚೆಗೆ ಇತಿಹಾಸ ಏನು ಹೇಳುತ್ತದೆ ಎಂದು ನೋಡೋಣ.

ಒಮ್ಮೆ ಕಂಪ್ಯೂಟರಿನಿಂದಲೇ ಉತ್ತರ ಪಡೆಯುವ ಯತ್ನ ನಡೆದಿತ್ತು. 1967ರಲ್ಲಿ ಅಮೆರಿಕದ ಮರ್ರಿ ವೊರೋನರ್ ಎಂಬ ರೇಡಿಯೊ ನಿರ್ಮಾಪಕರು ಬೇರೆ ಬೇರೆ ಕಾಲದ ಚಾಂಪಿಯನ್ನರ ವಿವರಗಳನ್ನು ಕಂಪ್ಯೂಟರಿಗೆ ಕೊಟ್ಟು ಕಾಲ್ಪನಿಕ ಪಂದ್ಯಗಳನ್ನು ಪ್ರಸಾರ ಮಾಡಿದರು. ಅದರಲ್ಲಿ ಅಲಿ, ಹಳೆಯ ಕಾಲದ ಜಿಮ್ ಜೆಫ್ರೀಸ್‌ಗೆ ಸೋತರು! ಮಾನನಷ್ಟವಾಯಿತೆಂದು ಅಲಿ ಹತ್ತು ಲಕ್ಷ ಡಾಲರಿನ ದಾವೆ ಹೂಡಿದರು. ಕೊನೆಗೆ ರಾಜಿಯಾಗಿ, 49 ಪಂದ್ಯಗಳಲ್ಲಿ ಒಂದನ್ನೂ ಸೋಲದೆ ನಿವೃತ್ತರಾಗಿದ್ದ ರಾಕಿ ಮಾರ್ಸಿಯಾನೊ ಜೊತೆ 1969ರಲ್ಲಿ ಕ್ಯಾಮೆರಾ ಮುಂದೆ ಹುಸಿ ಕಾದಾಟ ನಡೆಸಿದರು. ಚಿತ್ರ 1970ರ ಜನವರಿಯಲ್ಲಿ ತೆರೆಕಂಡಿತು. ಅಮೆರಿಕದ ಪ್ರತಿಯಲ್ಲಿ 13ನೇ ಸುತ್ತಿನಲ್ಲಿ ಮಾರ್ಸಿಯಾನೊ ಗೆದ್ದರು. ಯುರೋಪಿನಲ್ಲಿ ತೋರಿಸಿದ ಪ್ರತಿಯಲ್ಲಿ ಅಲಿ ಗೆದ್ದರು. ನೋಡುಗರು ಬದಲಾದಾಗ ಗೆದ್ದವರೂ ಬದಲಾದರು. ಯಂತ್ರದ ತೀರ್ಪಿನ ಬೆಲೆ ಅಷ್ಟೇ.

ಹಾಗಾದರೆ ಎರಡು ತಲೆಮಾರಿನವರು ನಿಜವಾಗಿಯೇ ಎದುರಾದ ಪಂದ್ಯಗಳಿಂದ ತೀರ್ಮಾನಿಸಬಹುದೇ? 1951ರಲ್ಲಿ ಮಾರ್ಸಿಯಾನೊ, ಮಹಾನ್ ಬಾಕ್ಸರ್ ಜೋ ಲೂಯಿಸ್ ಅವರನ್ನು ನೆಲಕ್ಕುರುಳಿಸಿದರು. ಆಗ ಲೂಯಿಸ್‌ಗೆ 37 ವರ್ಷ. 1981ರ ಡಿಸೆಂಬರಿನಲ್ಲಿ ಅಲಿ ತಮ್ಮ ಕೊನೆಯ ಪಂದ್ಯವನ್ನು ಟ್ರೆವರ್ ಬರ್ಬಿಕ್‌ಗೆ ಸೋತರು. ಅದೇ ಬರ್ಬಿಕ್ ಅನ್ನು 1986ರಲ್ಲಿ ಇಪ್ಪತ್ತರ ಹರೆಯದ ಟೈಸನ್ ಎರಡೇ ಸುತ್ತಿನಲ್ಲಿ ಸೋಲಿಸಿದರು. ಹುಡುಗರು ಇದನ್ನೇ ಹಿಡಿದು, ‘ಅಲಿಯನ್ನು ಬರ್ಬಿಕ್ ಸೋಲಿಸಿದ, ಬರ್ಬಿಕ್ಕನ್ನು ಟೈಸನ್ ಸೋಲಿಸಿದ, ಲೆಕ್ಕ ಮುಗಿಯಿತು’ ಎನ್ನಬಹುದು. ಆದರೆ ಅಂದು ಕಣಕ್ಕಿಳಿದ ಅಲಿಗೆ ನಲವತ್ತು ತುಂಬುವುದರಲ್ಲಿತ್ತು. ಅಲ್ಲಿ ಗೆದ್ದದ್ದು ವಯಸ್ಸು.

ನಮ್ಮ ಊರಿನ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಎಚ್‌ಎಎಲ್‌ನ ಎಚ್‌ಟಿ-2 ತರಬೇತಿ ವಿಮಾನ 1951ರಲ್ಲಿ, ಮಾರುತ್ 1961ರಲ್ಲಿ, ತೇಜಸ್ 2001ರಲ್ಲಿ ಮೊದಲ ಬಾರಿಗೆ ಹಾರಿದವು. ತೇಜಸ್ ವೇಗದ ಮುಂದೆ ಎಚ್‌ಟಿ-2 ಏನೂ ಅಲ್ಲವೆಂದು ಇಲ್ಲಿಯ ಕಾರ್ಖಾನೆಯಲ್ಲಿ ದುಡಿದ ಯಾರಾದರೂ ಹೀಯಾಳಿಸುತ್ತಾರೆಯೇ? ತನ್ನ ಕಾಲದಲ್ಲಿ, ಕೈಗೆ ಸಿಕ್ಕ ಸಾಧನದಲ್ಲಿ ಅದು ಏನು ಮಾಡಿತು ಎಂದು ಕೇಳುತ್ತಾರೆ. ಮನುಷ್ಯರನ್ನೂ ಹಾಗೆಯೇ ಅಳೆಯಬೇಕು.

ಜ್ಯಾಕ್ ಜಾನ್ಸನ್ 1908ರಲ್ಲಿ ಸಿಡ್ನಿಯಲ್ಲಿ ಗೆದ್ದು ಹೆವಿವೇಟ್ ಪಟ್ಟವೇರಿದ ಮೊದಲ ಕಪ್ಪು ಚಾಂಪಿಯನ್. 1910ರಲ್ಲಿ ಅವರನ್ನು ಮಣಿಸಲೆಂದೇ ನಿವೃತ್ತ ಜೆಫ್ರೀಸ್ ಅವರನ್ನು ಕರೆತಂದರು. ಜಾನ್ಸನ್ ಗೆದ್ದಾಗ ಅಮೆರಿಕದ ಅನೇಕ ಊರುಗಳಲ್ಲಿ ಕಪ್ಪು ಜನರ ಮೇಲೆ ಹಲ್ಲೆಗಳಾದವು. ಲೂಯಿಸ್ 1937ರಿಂದ 1949ರವರೆಗೆ ಪಟ್ಟ ಉಳಿಸಿಕೊಂಡು 25 ಬಾರಿ ಅದನ್ನು ಕಾಪಾಡಿಕೊಂಡರು. ಯುದ್ಧಕಾಲದಲ್ಲಿ ಎರಡು ಪಂದ್ಯಗಳ ಸಂಭಾವನೆಯನ್ನು ಸೈನಿಕರ ಪರಿಹಾರ ನಿಧಿಗಳಿಗೆ ಕೊಟ್ಟರು. ಆದರೂ ಮುಂದೆ ತೆರಿಗೆ ಬಾಕಿಗಾಗಿ ಅದೇ ಸರಕಾರ ಅವರನ್ನು ವರ್ಷಗಟ್ಟಲೆ ಬೆನ್ನಟ್ಟಿತು.

ಇನ್ನು ಅಲಿ. 1964ರಲ್ಲಿ ಸನ್ನಿ ಲಿಸ್ಟನ್‌ರನ್ನು ಸೋಲಿಸಿದ ಕ್ಯಾಸಿಯಸ್ ಕ್ಲೇ ತಾನು ನೇಷನ್ ಆಫ್ ಇಸ್ಲಾಮ್ ಸಂಘಟನೆಗೆ ಸೇರಿದ್ದನ್ನು ಬಹಿರಂಗಪಡಿಸಿ ಹೆಸರು ಬದಲಿಸಿಕೊಂಡರು. 1972ರಲ್ಲಿ ಹಜ್ ನಿರ್ವಹಿಸಿದರು, 1975ರಲ್ಲಿ ಆ ಸಂಘಟನೆಯ ಹಾದಿ ಬಿಟ್ಟು ಸುನ್ನಿ ಇಸ್ಲಾಮಿನತ್ತ ಬಂದರು. 1967ರಲ್ಲಿ ವಿಯೆಟ್ನಾಂ ಯುದ್ಧಕ್ಕೆ ಸೇರಲು ನಿರಾಕರಿಸಿದಾಗ ಅವರಿಗೆ 25 ವರ್ಷ. ಆಡಿದ 29 ಪಂದ್ಯಗಳಲ್ಲೂ ಗೆದ್ದಿದ್ದರು. ಪಟ್ಟ ಹೋಯಿತು, ಐದು ವರ್ಷಗಳ ಸೆರೆವಾಸದ ಶಿಕ್ಷೆಯಾಯಿತು, ಮೂರೂವರೆ ವರ್ಷ ಕಣಕ್ಕಿಳಿಯಲಾಗಲಿಲ್ಲ. 1971ರಲ್ಲಿ ಸುಪ್ರೀಂ ಕೋರ್ಟ್ ಶಿಕ್ಷೆಯನ್ನು ರದ್ದುಪಡಿಸಿತು. ಕಳೆದ ವರ್ಷಗಳನ್ನು ಯಾವ ಕೋರ್ಟೂ ಹಿಂದಿರುಗಿಸಲಾಗದು. ಅವರ ಐದೂ ಸೋಲುಗಳು ಬಂದದ್ದು ಆ ನಂತರವೇ. ಅಂಕಿಅಂಶದ ಪುಸ್ತಕದಲ್ಲಿ ಅವು ಖಾಲಿ ವರ್ಷಗಳು. ನಮ್ಮ ದೃಷ್ಟಿಯಲ್ಲಿ ಅವೇ ಅವರ ಅತಿ ದೊಡ್ಡ ಗೆಲುವು.

1980ರ ಆರಂಭದಲ್ಲಿ ಅಲಿ ಭಾರತಕ್ಕೆ ಬಂದು ದಿಲ್ಲಿಯಲ್ಲಿ ನಮ್ಮ ಕೌರ್ ಸಿಂಗ್ ಜೊತೆ, ಮದರಾಸಿನಲ್ಲಿ ಜಿಮ್ಮಿ ಎಲ್ಲಿಸ್ ಜೊತೆ ಪ್ರದರ್ಶನ ಪಂದ್ಯ ಆಡಿದರು. ಆಗಲೇ ನಿವೃತ್ತಿ ಘೋಷಿಸಿದ್ದವರು ಅಲ್ಲಿಗೇ ನಿಲ್ಲಿಸಬೇಕಿತ್ತು. ಅದೇ ವರ್ಷ ಅಕ್ಟೋಬರಿನಲ್ಲಿ ಲ್ಯಾರಿ ಹೋಮ್ಸ್ ಎದುರು ನಿಂತು ತೀವ್ರ ಪೆಟ್ಟು ತಿಂದರು. 1984ರಲ್ಲಿ ಪಾರ್ಕಿನ್ಸನ್ ಕಾಯಿಲೆ ಪತ್ತೆಯಾಯಿತು. ಮಾತಿನ ಮಲ್ಲನ ಮಾತು ನಿಧಾನವಾಗಿ ಕುಂದಿತು. 2016ರ ಜೂನ್ 3ರಂದು ನಿಧನರಾದರು.

ಇಲ್ಲಿ ಹೆತ್ತವರು ಒಂದು ವಿಷಯ ಗಮನಿಸಬೇಕು. ಕಾದಾಡುವಾಗಲೂ ಮುಖಕ್ಕೆ ಹೊಡೆಯಬಾರದೆಂದು ಪ್ರವಾದಿ(ಸ)ರವರು ಕಲಿಸಿದ್ದಾರೆ. ಎದುರಾಳಿಯ ದೇಹಕ್ಕೆ ಗಂಭೀರ ಹಾನಿ ಮಾಡುವುದಕ್ಕೆ ಅವಕಾಶವಿರುವ ಬಾಕ್ಸಿಂಗ್ ಸಮ್ಮತವಲ್ಲವೆಂದು 1987ರಲ್ಲಿ ಮಕ್ಕಾದಲ್ಲಿ ಸೇರಿದ ಇಸ್ಲಾಮಿಕ್ ಫಿಕ್ಹ್ ಮಂಡಳಿ ತೀರ್ಮಾನಿಸಿತು. ಅಲಿಯವರನ್ನು ಪ್ರೀತಿಸುವ ನಮಗೆ ಇದು ಕಹಿಯೆನಿಸಬಹುದು. ಆದರೆ ಅವರ ನಡುಗುವ ಕೈಗಳನ್ನು ಕಂಡವರು ಇದನ್ನು ತಳ್ಳಿಹಾಕುವುದು ಕಷ್ಟ. ಅವರನ್ನು ಗೌರವಿಸಲು ಅವರ ಕಸುಬನ್ನು ನಮ್ಮ ಮಕ್ಕಳಿಗೆ ಹೇರಬೇಕಾಗಿಲ್ಲ. ಓಟ, ಈಜು, ವ್ಯಾಯಾಮಗಳಿಂದಲೂ ಮೈಗಟ್ಟಿಯಾಗುತ್ತದೆ.

ಕುಸ್ತಿಯಲ್ಲಿ ಇತರರನ್ನು ಕೆಡವುವವನಲ್ಲ, ಸಿಟ್ಟು ಬಂದಾಗ ತನ್ನನ್ನು ಹಿಡಿದಿಟ್ಟುಕೊಳ್ಳುವವನೇ ನಿಜವಾದ ಬಲಶಾಲಿ ಎಂಬ ಅರ್ಥದ ಹದೀಸ್ ನಮಗೆಲ್ಲ ಗೊತ್ತು. ಮುಂದಿನ ಜುಮಾ ದಿನ ಮಕ್ಕಳು ‘ಯಾರು ದೊಡ್ಡವರು’ ಎಂದು ವಾದಕ್ಕಿಳಿದರೆ ಗದರಿಸದಿರೋಣ. ಯಾರು ಎಷ್ಟು ಜನರನ್ನು ಕೆಡವಿದರು ಎಂಬುದರ ಜೊತೆಗೆ, ಗಳಿಸಿದ್ದನ್ನೆಲ್ಲ ಕಳೆದುಕೊಳ್ಳುವ ಹೊತ್ತಿನಲ್ಲಿ ಯಾರು ಕದಲದೆ ನಿಂತರು ಎಂದೂ ಕೇಳಲು ಅವರಿಗೆ ಕಲಿಸೋಣ.