ಜನವಿಲ್ಲದ ಜಾತ್ರೆಯಲ್ಲಿ ಅಂಗಡಿ

ಮೈಸೂರು ರಸ್ತೆಯ ಬಾಪೂಜಿ ನಗರದಲ್ಲಿ ಮಳಿಗೆ ಹಿಡಿಯುವವರು ಮೊದಲು ಬೀದಿಯ ಜನಸಂಚಾರ ನೋಡುತ್ತಾರೆ. ಮುಂಗಡದ ಮಾತು ಆಮೇಲೆ. ದೊಡ್ಡ ಕಂಪನಿಗಳು ಕೆಲವೊಮ್ಮೆ ಈ ಸರಳ ಲೆಕ್ಕವನ್ನೇ ಮರೆಯುತ್ತವೆ.

ಅಮೆರಿಕದ ಲಿಂಡೆನ್ ಲ್ಯಾಬ್ 2003ರಲ್ಲಿ ‘ಸೆಕೆಂಡ್ ಲೈಫ್’ ಎಂಬ ಕಂಪ್ಯೂಟರ್ ಲೋಕವನ್ನು ತೆರೆಯಿತು. ಅಲ್ಲಿ ಬೊಂಬೆಯ ರೂಪ ತಳೆದು ನಡೆದಾಡಬಹುದು, ಜಾಗ ಕೊಳ್ಳಬಹುದು. 2006ರಲ್ಲಿ ಪತ್ರಿಕೆಗಳು ಅದನ್ನು ಕೊಂಡಾಡಿದ್ದೇ ತಡ, ಅಮೆರಿಕನ್ ಅಪಾರೆಲ್ ಅಲ್ಲಿ ಬಟ್ಟೆ ಅಂಗಡಿ ಇಟ್ಟಿತು. ರಾಯಿಟರ್ಸ್ ವರದಿಗಾರನನ್ನೇ ಕೂರಿಸಿತು. ಮರುವರ್ಷವೇ ಬಟ್ಟೆ ಅಂಗಡಿ ಬಾಗಿಲು ಹಾಕಿತು. ಆದರೆ ಮನೆ ಕಟ್ಟಲು, ಹರಟೆ ಹೊಡೆಯಲು ಬಂದ ಸಾಮಾನ್ಯರು ಇಂದಿಗೂ ಅಲ್ಲಿದ್ದಾರೆ.

ಇಂಥ ಏರಿಳಿತದ ನಕ್ಷೆಯನ್ನು ಗಾರ್ಟ್‌ನರ್ ಸಂಸ್ಥೆ 1995ರಲ್ಲೇ ಬರೆದಿತ್ತು: ಮೊದಲು ಭ್ರಮೆಯ ಶಿಖರ, ನಂತರ ನಿರಾಸೆಯ ಕಂದಕ, ಕೊನೆಗೆ ನಿಜವಾದ ಉಪಯೋಗದ ಸಮತಟ್ಟು.

2021ರ ಅಕ್ಟೋಬರಿನಲ್ಲಿ ಫೇಸ್‌ಬುಕ್ ಕಂಪನಿ ‘ಮೆಟಾ’ ಆಯಿತು. ಬೆಂಗಳೂರಿನ ಇನ್ಫೊಸಿಸ್ 2022ರ ಫೆಬ್ರುವರಿಯಲ್ಲಿ ‘ಮೆಟಾವರ್ಸ್ ಫೌಂಡ್ರಿ’ ಪ್ರಕಟಿಸಿತು. ಆ ವರ್ಷ ಮೆಟಾದ ಈ ವಿಭಾಗಕ್ಕಾದ ನಷ್ಟ ಸುಮಾರು 1,370 ಕೋಟಿ ಡಾಲರ್. ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದದ್ದೇ ತಡ, ಉತ್ಸಾಹ ಅತ್ತ ಹರಿಯಿತು.

ಭ್ರಮೆ ಇಳಿದಾಗ ಕಂಪನಿ ಹೊಸ ಹೆಸರಿನ ಹಿಂದೆ ಹೊರಡಬಹುದು. ಹಳೆಯ ಹೆಸರನ್ನು ನಂಬಿ ಕೆಲಸ ಕಲಿತ ತರುಣರಿಗೆ ಅದು ಅಷ್ಟು ಸುಲಭವಲ್ಲ. ‘ಇಲ್ಲಿಗೆ ಯಾರು, ಏತಕ್ಕಾಗಿ ಬರುತ್ತಾರೆ?’ ಎಂಬ ಅಂಗಡಿಯವನ ಪ್ರಶ್ನೆಯನ್ನು ಅವರೂ ಕೇಳಿಕೊಳ್ಳುವುದು ಒಳಿತು.